ಬಿಸಿಯಾಗುತ್ತಿರುವುದು ಯಾವುದು? ಟ್ರ್ಯಾಕಿಗೆ ಇಳಿಯುವ ಕಾರಿಗೆ ಕೂಲಿಂಗ್ ಆರಿಸುವ ಮುನ್ನ

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ನನ್ನ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಮೊದಲ ಸಲ ಕೈಕೊಟ್ಟದ್ದು ನಾಲ್ಕನೇ ಲ್ಯಾಪಿನಲ್ಲಿ. ನಿಂತುಹೋಗಲಿಲ್ಲ, ಹೊಗೆ ಬರಲಿಲ್ಲ, ಯಾವ ದೀಪವೂ ಉರಿಯಲಿಲ್ಲ. ಬಲ ಮಾತ್ರ ಸೋರಿಹೋಯಿತು. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಕಾರು ಮದುವೆಯೂಟ ಮುಗಿಸಿ ಎದ್ದವನಂತೆ ಹೆಜ್ಜೆ ಹಾಕುತ್ತಿತ್ತು. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು 90ರ ಗೆರೆಯ ಮೇಲೆ ಗೂಟ ಹೊಡೆದಂತೆ ನಿಂತಿತ್ತು.

ಬೆಂಗಳೂರಿಗೆ ಮರಳಿದ ಮೇಲೆ ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, "ರೇಡಿಯೇಟರ್ ಸಾಲದು ಸಾರ್, ದಪ್ಪದ್ದು ಹಾಕಿಸಿಬಿಡಿ" ಎಂದರು. ಹಾಕಿಸಿದೆ. ಅದನ್ನು ಕೂರಿಸಲು ಫ್ಯಾನಿನ ಸುತ್ತಲಿನ ಹೊದಿಕೆಯನ್ನು ಅಲ್ಲಲ್ಲಿ ಕತ್ತರಿಸಿದರು. ಅಕ್ಕಪಕ್ಕದ ಪ್ಲಾಸ್ಟಿಕ್ ಪಟ್ಟಿಗಳು ಕೂರಲಿಲ್ಲವೆಂದು ಅವನ್ನು ಡಿಕ್ಕಿಯಲ್ಲಿ ಹಾಕಿ ಕೊಟ್ಟರು. ಮುಂದಿನ ಸಲ ಟ್ರ್ಯಾಕಿಗೆ ಹೋದಾಗ ನಾಲ್ಕರ ಬದಲು ಐದನೇ ಲ್ಯಾಪಿನಲ್ಲಿ ಅದೇ ಕಥೆ. ಆಗಷ್ಟೇ ಬುದ್ಧಿ ಬಂದು, ಸ್ಟೀರಿಂಗ್ ಕೆಳಗಿರುವ, ಕಾರಿನ ಸೆನ್ಸರುಗಳ ಅಂಕಿ ಓದಲು ಬರುವ ಓಬಿಡಿ ಪೋರ್ಟಿಗೆ ಚುಚ್ಚುವ ಚಿಕ್ಕ ಯಂತ್ರವೊಂದನ್ನು ಕೊಂಡು ಮೊಬೈಲಿಗೆ ಜೋಡಿಸಿದೆ. ನೀರು ಸ್ವಲ್ಪ ಬಿಸಿಯಾಗಿತ್ತು, ನಿಜ. ಆದರೆ ನಿಜವಾಗಿ ಬೆಂದುಹೋಗುತ್ತಿದ್ದದ್ದು, ಗಾಳಿಯನ್ನು ಅದುಮಿ ತುರುಕುವ ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿ. ರೇಡಿಯೇಟರಿಗೆ ಸುರಿದ ಹಣ ತಪ್ಪು ರೋಗಕ್ಕೆ ಕೊಟ್ಟ ಔಷಧವಾಗಿತ್ತು.

ಆದ್ದರಿಂದ "ಯಾವ ರೇಡಿಯೇಟರ್ ಒಳ್ಳೆಯದು" ಎಂದು ಕೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಬಿಸಿಯಾಗುತ್ತಿರುವುದು ಯಾವುದು?

ಮುಳ್ಳನ್ನು ನಂಬಬೇಡಿ

ಟರ್ಬೊ ಕಾರಿನಲ್ಲಿ ಬಿಸಿ ಎಂದರೆ ನಾಲ್ಕು ಬೇರೆ ಬೇರೆ ಸಂಗತಿಗಳು. ಕೂಲಂಟ್ (ಎಂಜಿನ್ನನ್ನು ತಣಿಸಿ ರೇಡಿಯೇಟರಿಗೆ ಬರುವ ನೀರು), ಎಂಜಿನ್ ಆಯಿಲ್, ಎಂಜಿನ್ ಎಳೆದುಕೊಳ್ಳುವ ಗಾಳಿ, ಗೇರ್‌ಬಾಕ್ಸ್ ಆಯಿಲ್. ಪ್ರತಿಯೊಂದಕ್ಕೂ ಲಕ್ಷಣ ಬೇರೆ, ಮದ್ದು ಬೇರೆ.

ಡ್ಯಾಶ್‌ಬೋರ್ಡಿನ ಮುಳ್ಳು ಇವುಗಳಲ್ಲಿ ಕೂಲಂಟನ್ನು ಮಾತ್ರ ತೋರಿಸುತ್ತದೆ, ಅದನ್ನೂ ಸುಳ್ಳು ಹೇಳಿಯೇ ತೋರಿಸುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ನಿಜವಾದ ಬಿಸಿ 80 ಇರಲಿ, 100 ಇರಲಿ, ಮುಳ್ಳು 90ನ್ನು ಬಿಟ್ಟು ಅಲುಗುವುದಿಲ್ಲ. ಮಾಲೀಕರು ಗಾಬರಿಯಾಗಬಾರದು ಎಂದು ತಯಾರಕರು ಹಾಗೆ ಮಾಡಿದ್ದಾರೆ. ಅದು ಕದಲುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ವಿಆರ್‌ಎಸ್‌ನಲ್ಲಿ ಎಂಜಿನ್ ಆಯಿಲ್‌ನ ಬಿಸಿಯನ್ನು ಪರದೆಯ ಮೇಲೆ ಅಂಕಿಯಲ್ಲೇ ನೋಡಬಹುದು. ಉಳಿದದ್ದಕ್ಕೆ ಓಬಿಡಿ ಬೇಕು.

ಒಂದು ದಿನ ಬರಿಯ ಅಳತೆಗೆಂದೇ ಟ್ರ್ಯಾಕಿಗೆ ಹೋಗಿ. ಮೊಬೈಲಿನಲ್ಲಿ ದಾಖಲಾದ ಅಂಕಿಗಳನ್ನು ಸಂಜೆ ಕೂತು ನೋಡಿ. ನಾನು ಇಟ್ಟುಕೊಂಡಿರುವ ಗೆರೆಗಳು ಇವು: ಕೂಲಂಟ್ 105 ದಾಟಿ ಇನ್ನೂ ಏರುತ್ತಲೇ ಇದ್ದರೆ ಚಿಂತೆ. ಆಯಿಲ್ 120ರವರೆಗೆ ಟ್ರ್ಯಾಕಿನಲ್ಲಿ ಸಹಜ, 130 ದಾಟಿದರೆ ವೇಗ ಇಳಿಸುತ್ತೇನೆ. ಎಂಜಿನ್ನಿಗೆ ಹೋಗುವ ಗಾಳಿ ಹೊರಗಿನ ಬಿಸಿಗಿಂತ 10–15 ಡಿಗ್ರಿ ಹೆಚ್ಚಿದ್ದರೆ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ತನ್ನ ಕೆಲಸ ಮಾಡುತ್ತಿದೆ. ಲ್ಯಾಪಿನಿಂದ ಲ್ಯಾಪಿಗೆ ಏರುತ್ತ 65–70 ಮುಟ್ಟಿದರೆ ಅದು ಸೋತಿದೆ. ಆಗ ಇಸಿಯು, ಅಂದರೆ ಎಂಜಿನ್ನನ್ನು ಆಳುವ ಕಂಪ್ಯೂಟರ್, ಎಂಜಿನ್ ಕಾಪಾಡಲು ಕಿಡಿಯನ್ನು ತಡವಾಗಿ ಹಾರಿಸುತ್ತದೆ, ನಿಮ್ಮ ಬಲ ಹೋಗುತ್ತದೆ. ನನಗಾದದ್ದು ಇದೇ.

ಇನ್ನೊಂದು ಸುಲಭ ಪರೀಕ್ಷೆ ಹಳೆಯ ಮೆಕ್ಯಾನಿಕ್‌ಗಳೆಲ್ಲ ಬಲ್ಲದ್ದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಿಸಿಯೇರಿ ಹೆದ್ದಾರಿಯಲ್ಲಿ ತಣ್ಣಗಾಗುವ ಕಾರಿಗೆ ತೊಂದರೆ ಇರುವುದು ಫ್ಯಾನಿನಲ್ಲಿ. ಸಿಗ್ನಲ್ಲಿನಲ್ಲಿ ಸರಿಯಿದ್ದು ವೇಗವಾಗಿ ಓಡಿಸಿದಾಗ ಏರುವ ಕಾರಿಗೆ ರೇಡಿಯೇಟರ್, ಪಂಪ್ ಅಥವಾ ಗಾಳಿಯ ದಾರಿಯಲ್ಲಿ ತೊಂದರೆ. ಕೂಲಂಟ್ ಸುಮ್ಮನೆ ಕಡಿಮೆಯಾಗುತ್ತಿದ್ದರೆ ಯಾವ ಭಾಗವನ್ನೂ ಕೊಳ್ಳಬೇಡಿ. ಮೊದಲು ಸೋರಿಕೆಯನ್ನೂ ಎಂಜಿನ್ನಿನ ಬ್ಲಾಕಿಗೂ ಸಿಲಿಂಡರ್ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟನ್ನೂ ಪರೀಕ್ಷಿಸಿ. ವಿಆರ್‌ಎಸ್‌ನಲ್ಲಿರುವ ಎರಡು ಲೀಟರಿನ ಎಂಜಿನ್‌ನಲ್ಲಿ ವಾಟರ್ ಪಂಪ್ ಮತ್ತು ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಕೂರುವ ಪ್ಲಾಸ್ಟಿಕ್ ಕವಚ ಸೋರುವುದು ಹಳೆಯ ಕಾಯಿಲೆ. ಅದನ್ನು ಹಾಗೇ ಬಿಟ್ಟು ದೊಡ್ಡ ರೇಡಿಯೇಟರ್ ಹಾಕುವುದು ತೂತು ಬಿದ್ದ ಕೊಡಕ್ಕೆ ದೊಡ್ಡ ನಲ್ಲಿ ಹಾಕಿದಂತೆ.

ಒಂದಿಷ್ಟು ಲೆಕ್ಕ

ನನ್ನ ಕಾರಿನ ಎಂಜಿನ್ 230 ಪಿಎಸ್ ಕೊಡುತ್ತದೆ, ಅಂದರೆ ಸುಮಾರು 169 ಕಿಲೋವ್ಯಾಟ್. ಪೂರ್ತಿ ಒತ್ತಿ ಓಡಿಸುವಾಗ, ತೀರಾ ಸ್ಥೂಲವಾಗಿ, ಅದರ ಅರ್ಧದಷ್ಟು ಶಾಖ ಕೂಲಂಟಿಗೆ ಇಳಿಯುತ್ತದೆ ಎಂದುಕೊಳ್ಳಿ. 80 ಕಿಲೋವ್ಯಾಟ್ ಎಂದಿಟ್ಟುಕೊಳ್ಳೋಣ. ಮನೆಯ ನೀರು ಕಾಯಿಸುವ ಗೀಸರ್ 2 ಕಿಲೋವ್ಯಾಟಿನದು, ಅಂತಹ 40 ಗೀಸರ್‌ಗಳು. ಈ ಎಂಜಿನ್‌ನಲ್ಲಿ ಸುಟ್ಟ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇರೆಯಾಗಿಲ್ಲ, ಸಿಲಿಂಡರ್ ಹೆಡ್ಡಿನೊಳಗೇ ಸೇರಿಸಿ ನೀರಿನಿಂದ ತಂಪು ಮಾಡಿದ್ದಾರೆ. ಚಳಿಯಲ್ಲಿ ಎಂಜಿನ್ ಬೇಗ ಬಿಸಿಯಾಗಲು ಅದು ಒಳ್ಳೆಯ ಉಪಾಯ. ಟ್ರ್ಯಾಕಿನಲ್ಲಿ ಮಾತ್ರ ಎಕ್ಸಾಸ್ಟಿನ ಬಿಸಿಯ ಪಾಲೂ ರೇಡಿಯೇಟರಿನ ತಲೆಗೆ ಬರುತ್ತದೆ.

ಆ 80 ಕಿಲೋವ್ಯಾಟನ್ನು ಹೊತ್ತೊಯ್ಯಬೇಕಾದ್ದು ಗಾಳಿ. ರೇಡಿಯೇಟರ್ ದಾಟುವಾಗ ಗಾಳಿ 40 ಡಿಗ್ರಿಯಷ್ಟು ಬಿಸಿಯೇರಿದರೆ ಸೆಕೆಂಡಿಗೆ 2 ಕೆಜಿ ಗಾಳಿ ಬೇಕು. ಅಳತೆಯಲ್ಲಿ ಸುಮಾರು 1.8 ಘನ ಮೀಟರ್, ಎರಡು ಕಬ್ಬಿಣದ ಬೀರುಗಳನ್ನು ತುಂಬುವಷ್ಟು, ಪ್ರತಿ ಸೆಕೆಂಡಿಗೂ. ಆ ಗಾಳಿ ಒಳಗೆ ಬರದಿದ್ದರೆ, ಬಂದದ್ದು ಹೊರಗೆ ಹೋಗದಿದ್ದರೆ, ರೇಡಿಯೇಟರ್ ಬೆಳ್ಳಿಯದ್ದಾದರೂ ಅಷ್ಟೆ.

ಹವೆಯ ಬಿಸಿಯೂ ಇಲ್ಲಿ ಸೇರಿಕೊಳ್ಳುತ್ತದೆ. ರೇಡಿಯೇಟರಿನ ಶಕ್ತಿ ಕೂಲಂಟಿಗೂ ಹೊರಗಿನ ಗಾಳಿಗೂ ಇರುವ ಅಂತರಕ್ಕೆ ತಕ್ಕಷ್ಟು. ಕೂಲಂಟ್ 100 ಡಿಗ್ರಿ, ಹೊರಗೆ 25 ಇದ್ದರೆ ಅಂತರ 75. ಹೊರಗೆ 40 ಆದರೆ 60. ಅದೇ ರೇಡಿಯೇಟರ್, ಶಕ್ತಿ ಮಾತ್ರ ನೂರಕ್ಕೆ 20ರಷ್ಟು ಕಡಿಮೆ. ಬೆಳಿಗ್ಗೆಯ ಮೊದಲ ಸರದಿಯಲ್ಲಿ ಟ್ರ್ಯಾಕಿಗೆ ಇಳಿಯುವುದು ಕಾಸಿಲ್ಲದೆ ಸಿಗುವ ಕೂಲಿಂಗ್. ಬೆಂಗಳೂರಿನ ಹಿತವಾದ ಹವೆಯಲ್ಲಿ ನೈಸ್ ರಸ್ತೆಯ ಮೇಲೆ ಒಂದು ಸುತ್ತು ಹೋಗಿ "ನನ್ನ ಕಾರು ಬಿಸಿಯಾಗುವುದೇ ಇಲ್ಲ" ಎನ್ನುವವರ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ.

ಗಾಳಿಯ ದಾರಿಯೋ, ದಪ್ಪ ರೇಡಿಯೇಟರೋ?

ಇದೇ ನಿಜವಾದ ಹೋಲಿಕೆ. ಹೆಚ್ಚಿನವರು ಎರಡನೆಯದನ್ನು ಆರಿಸುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ಹೊಳೆಯುತ್ತದೆ. ಗಾಳಿಯ ದಾರಿಯನ್ನು ಯಾರೂ ಫೋಟೊ ತೆಗೆಯುವುದಿಲ್ಲ.

ಗಾಳಿ ಸೋಮಾರಿ. ರೇಡಿಯೇಟರಿನ ಸಣ್ಣ ಸಣ್ಣ ಎಸಳುಗಳ ನಡುವೆ ನುಸುಳುವ ಬದಲು ಪಕ್ಕದಲ್ಲಿ ಬೆರಳಗಲ ಸಂದು ಸಿಕ್ಕಿದರೆ ಅದರಲ್ಲೇ ಓಡುತ್ತದೆ. ಬಂಪರಿನ ಬಾಯಿಂದ ರೇಡಿಯೇಟರಿನವರೆಗೆ ನಾಲ್ಕೂ ಕಡೆ ಗೋಡೆ ಇದ್ದರೆ ಮಾತ್ರ ಅದಕ್ಕೆ ಬೇರೆ ದಾರಿ ಇರುವುದಿಲ್ಲ. ಗ್ಯಾರೇಜಿನವರು ನನ್ನ ಡಿಕ್ಕಿಗೆ ಹಾಕಿ ಕೊಟ್ಟ ಪ್ಲಾಸ್ಟಿಕ್ ಪಟ್ಟಿಗಳು ಆ ಗೋಡೆಗಳೇ. ಅವಿಲ್ಲದೆ ದಪ್ಪ ರೇಡಿಯೇಟರ್ ಹಾಕಿದ್ದರಿಂದ ಗಾಳಿಗೆ ಅಡ್ಡಿ ಹೆಚ್ಚಾಗಿ, ಪಕ್ಕದ ಸಂದಿಯ ಆಕರ್ಷಣೆಯೂ ಹೆಚ್ಚಿತ್ತು.

ಒಂದು ಭಾನುವಾರ ಬಂಪರ್ ಬಿಚ್ಚಿ ಕೂತೆ. ಮೊದಲು ಕಂಡದ್ದು ಕಸ. ಏಸಿ ಕಂಡೆನ್ಸರಿಗೂ ಅದರ ಹಿಂದಿನ ಇಂಟರ್‌ಕೂಲರಿಗೂ ನಡುವೆ ಹೊಂಗೆ ಎಲೆ, ಒಣಗಿ ಕಾಗದವಾದ ಗುಲ್‌ಮೊಹರ್ ಎಸಳು, ಒಂದು ಗುಟ್ಕಾ ಚೀಟಿ, ಹೆದ್ದಾರಿಯ ರಾತ್ರಿ ಪಯಣಗಳಲ್ಲಿ ಸತ್ತ ಹುಳುಗಳ ಕಂದು ಪದರ. ಬಗ್ಗಿಹೋದ ಲೋಹದ ಎಸಳುಗಳನ್ನು ಹಲ್ಲುಕಡ್ಡಿಯಿಂದ ಒಂದೊಂದಾಗಿ ನೆಟ್ಟಗೆ ಮಾಡಿದೆ. ನೀರನ್ನು ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ಹರಿಸಿದೆ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಎಸಳುಗಳು ಮಲಗಿಬಿಡುತ್ತವೆ, ಅದನ್ನು ದೂರವಿಡಿ. ಆಮೇಲೆ ಪಟ್ಟಿಗಳನ್ನು ಕತ್ತರಿಸಿ ಮತ್ತೆ ಕೂರಿಸಿ, ಉಳಿದ ಸಂದುಗಳಿಗೆ ಬಿಸಿ ತಡೆಯುವ ಫೋಮ್ ಪಟ್ಟಿ ಅಂಟಿಸಿದೆ. ಖರ್ಚು ಸಾವಿರ ರೂಪಾಯಿಯ ಒಳಗೆ. ಮುಂದಿನ ಸಲ ಟ್ರ್ಯಾಕಿನಲ್ಲಿ ಕೂಲಂಟ್ ಹಿಂದಿಗಿಂತ 5 ಡಿಗ್ರಿ ಕೆಳಗೆ ನಿಂತಿತು. ಒಂದೇ ಕಾರು, ಒಂದೇ ದಿನದ ಅಳತೆ, ಸಂಶೋಧನೆ ಎನ್ನಲಾರೆ. ಆದರೆ ರೇಡಿಯೇಟರಿಗೆ ಕೊಟ್ಟ ಹಣವನ್ನು ನೆನೆದು ಆ ಸಂಜೆ ಊಟ ರುಚಿಸಲಿಲ್ಲ.

ಒಳಗೆ ಬಂದ ಗಾಳಿ ಹೊರಗೂ ಹೋಗಬೇಕು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನು "ಗಾಳಿಯಾಡಲಿ" ಎಂದು ಕಿತ್ತು ಹಾಕುವವರಿದ್ದಾರೆ. ಹಲವು ಕಾರುಗಳಲ್ಲಿ ಅದು ಕೆಳಗಿನಿಂದ ಗಾಳಿಯನ್ನು ಹೀರಿ ಹೊರಹಾಕಲು ನೆರವಾಗುವ ಭಾಗ, ಬಿಚ್ಚಿದರೆ ನಷ್ಟವೇ. ಬಾನೆಟ್‌ನ ಹಿಂಬದಿಯ ಕೀಲಿಗೆ ವಾಷರ್ ಹಾಕಿ ಎರಡು ಬೆರಳು ಎತ್ತರಿಸುವ ಪದ್ಧತಿಯೂ ಇದೆ. ನಿಂತ ಕಾರಿನಲ್ಲಿ ಬಿಸಿ ಹೊರಹೋಗುವುದು ನಿಜ, ಆದರೆ ವೇಗದಲ್ಲಿ ಗಾಜಿನ ಬುಡದಲ್ಲಿ ಒತ್ತಡ ಹೆಚ್ಚಿರುತ್ತದೆ, ಗಾಳಿ ಅಲ್ಲಿಂದ ಒಳಕ್ಕೇ ನುಗ್ಗಬಹುದು. ಬಾನೆಟ್‌ಗೆ ತೂತು ಕೊರೆಯುವುದಾದರೆ ರೇಡಿಯೇಟರಿನ ಸ್ವಲ್ಪ ಹಿಂದೆ, ಮುಂಭಾಗದಲ್ಲಿ ಕೊರೆಯಬೇಕು. ಅಲ್ಲಿ ಒತ್ತಡ ಕಡಿಮೆ. ಅದು ಗಟ್ಟಿ ಪರಿಣಾಮ ಕೊಡುವ ಬದಲಾವಣೆ, ಆದರೆ ಮಳೆಗಾಲವನ್ನೂ ಮನೆಯವರ ಮುಖವನ್ನೂ ಎದುರಿಸಬೇಕು. ನಾನಿನ್ನೂ ಧೈರ್ಯ ಮಾಡಿಲ್ಲ.

ಇಷ್ಟಾದ ಮೇಲೂ ಕೂಲಂಟ್ ಏರುತ್ತಿದ್ದರೆ ರೇಡಿಯೇಟರಿನ ಸರದಿ. ಇಲ್ಲಿ ಮೂರು ದಾರಿ. ಹಳೆಯ ಕಾರಾದರೆ ಕಂಪನಿಯದ್ದೇ ಹೊಸ ರೇಡಿಯೇಟರ್ ಹಾಕುವುದು ಮೊದಲ ದಾರಿ. ಹತ್ತು ವರ್ಷ ಓಡಿ ಒಳಗೆ ಉಪ್ಪು ಕಟ್ಟಿದ್ದಕ್ಕೆ ಹೋಲಿಸಿದರೆ ಅದೇ ದೊಡ್ಡ ಸುಧಾರಣೆ. ಎರಡನೆಯದು, ಅಷ್ಟೇ ಅಥವಾ ಸ್ವಲ್ಪವೇ ಹೆಚ್ಚು ದಪ್ಪವಿರುವ, ತುದಿಯ ತೊಟ್ಟಿಗಳೂ ಸೇರಿ ಪೂರ್ತಿ ಅಲ್ಯೂಮಿನಿಯಂನದು. ಕಂಪನಿಯ ರೇಡಿಯೇಟರುಗಳಲ್ಲಿ ನಡುಭಾಗ ಅಲ್ಯೂಮಿನಿಯಂ ಆಗಿದ್ದರೂ ತುದಿಯ ತೊಟ್ಟಿ ಪ್ಲಾಸ್ಟಿಕ್. ಎರಡನ್ನೂ ಮಡಿಸಿ ಅದುಮಿರುವ ಅಂಚಿನಲ್ಲೇ ವಯಸ್ಸಾದಾಗ ಸೋರುತ್ತದೆ. ಬೆಸುಗೆ ಹಾಕಿದ ಪೂರ್ತಿ ಅಲ್ಯೂಮಿನಿಯಂ ಕೊಳ್ಳುವುದರ ಮುಖ್ಯ ಲಾಭ ಈ ಗಟ್ಟಿತನ, ತಂಪು ಆಮೇಲಿನ ಮಾತು. ಮೂರನೆಯದು ನಾನು ಕೊಂಡ ಬಗೆಯದು, 50 ಮಿಲಿಮೀಟರಿಗೂ ದಪ್ಪ. ಮುಂದಿನ ಸಾಲುಗಳನ್ನು ದಾಟುವಷ್ಟರಲ್ಲೇ ಗಾಳಿ ಬಿಸಿಯಾಗಿರುವುದರಿಂದ ಹಿಂದಿನ ಸಾಲುಗಳ ಪಾಲಿಗೆ ಉಳಿಯುವುದು ಎಂಜಲು. ಜೊತೆಗೆ ಗಾಳಿಗೆ ಅಡ್ಡಿ ಹೆಚ್ಚು. ದಪ್ಪಕ್ಕಿಂತ ಮುಖದ ಅಗಲ ಮೇಲು. ಅಗಲ ಹೆಚ್ಚಿಸಲು ಜಾಗವಿಲ್ಲದಿದ್ದಾಗ, ಗಾಳಿಯ ಗೋಡೆಗಳು ಗಟ್ಟಿಯಾಗಿದ್ದಾಗ ಮಾತ್ರ ದಪ್ಪದ ಯೋಚನೆ ಮಾಡಿ.

ಫ್ಯಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ದಾಟಿದ ಮೇಲೆ ಅದರ ಪಾತ್ರ ತೀರಾ ಕಡಿಮೆ. ಪಿಟ್ಟಿಗೆ ಬಂದು ನಿಂತಾಗ ಅದು ಬೇಕು, ಕಂಪನಿಯದ್ದೇ ಸಾಕು.

ಒಳಗೆ ಏನು ತುಂಬಬೇಕು?

ನೀರಿನಷ್ಟು ಶಾಖ ಹೊರುವ ದ್ರವ ಕೈಗೆಟಕುವ ಬೆಲೆಗೆ ಇನ್ನೊಂದಿಲ್ಲ. ಕೂಲಂಟಿನಲ್ಲಿರುವ ಗ್ಲೈಕಾಲನ್ನು ಅರ್ಧಕ್ಕರ್ಧ ಬೆರೆಸಿದರೆ, ಅದೇ ಪ್ರಮಾಣ ಹರಿದಾಗ ಹೊರುವ ಶಾಖ ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಹಾಗಾದರೆ ಬರೀ ನೀರು? ಚೆನ್ನೈಯಲ್ಲಿ ಹೆಪ್ಪುಗಟ್ಟುವ ಭಯವಂತೂ ಇಲ್ಲ. ಆದರೆ ಕೂಲಂಟ್ ಇರುವುದು ಹೆಪ್ಪು ತಡೆಯಲು ಮಾತ್ರವಲ್ಲ, ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು ಕೂಡ. ಅಲ್ಯೂಮಿನಿಯಂ ಹೆಡ್ಡಿಗೆ ಬರೀ ನೀರು ನಿಧಾನವಿಷ. ಟ್ರ್ಯಾಕಿಗೆಂದೇ ಇಟ್ಟ, ರಸ್ತೆಗೆ ಇಳಿಯದ ಕಾರಿನಲ್ಲಿ ಡಿಸ್ಟಿಲ್ಡ್ ನೀರಿಗೆ ತುಕ್ಕುನಿರೋಧಕವೂ ಮೇಲ್ಮೈ ಸೆಳೆತ ತಗ್ಗಿಸುವ ದ್ರವವೂ ಸೇರಿಸಿ ಓಡಿಸುವುದು ರೂಢಿ. ಚೆಲ್ಲಿದ ಗ್ಲೈಕಾಲ್ ರಸ್ತೆಯನ್ನು ಸಾಬೂನಿನಂತೆ ಜಾರಿಸುವುದರಿಂದ ಕೆಲವು ಸ್ಪರ್ಧೆಗಳಲ್ಲಿ ಅದಕ್ಕೆ ನಿಷೇಧವೂ ಇದೆ. ದಿನವೂ ಕಚೇರಿಗೆ ಹೋಗುವ ಕಾರಿಗೆ ಇದು ಬೇಡ. ನನ್ನ ಕಾರಿನಲ್ಲಿ ತಯಾರಕರು ಹೇಳುವ ಕನಿಷ್ಠ ಮಟ್ಟವಾದ 40 ಭಾಗ ಕೂಲಂಟ್, 60 ಭಾಗ ಡಿಸ್ಟಿಲ್ಡ್ ನೀರು ಇದೆ.

ಡಿಸ್ಟಿಲ್ಡ್ ನೀರು ಎಂದು ಒತ್ತಿ ಹೇಳುತ್ತಿದ್ದೇನೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳ ನೋಡಿದ್ದೀರಲ್ಲ, ಆ ಬಿಳಿ ಪೊರೆ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಮಗ್ಗಿನಲ್ಲಿ ತಂದು ಸುರಿದರೆ ತುರ್ತಿಗೆ ಸರಿ, ಮನೆಗೆ ಬಂದ ಮೇಲೆ ಪೂರ್ತಿ ಬದಲಾಯಿಸಿ. ಬೇರೆ ಬೇರೆ ಬಗೆಯ ಕೂಲಂಟ್‌ಗಳನ್ನೂ ಬೆರೆಸಬೇಡಿ, ಕೆಲವು ಸೇರಿದರೆ ಗಷ್ಟು ಕಟ್ಟುತ್ತವೆ.

ನೀರೇ ಇಲ್ಲದ ಕೂಲಂಟ್ ಎಂದು ದುಬಾರಿ ಬೆಲೆಗೆ ಸಿಗುವುದೊಂದಿದೆ. 180 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ಕುದಿಯುವುದಿಲ್ಲ, ನಿಜ, ಆದರೆ ಶಾಖ ಹೊರುವ ಶಕ್ತಿ ನೀರಿಗಿಂತ ಬಹಳ ಕಡಿಮೆ, ಮಂದ ಕೂಡ. ಎಂಜಿನ್ ಇನ್ನಷ್ಟು ಬಿಸಿಯಾಗಿಯೇ ಓಡುತ್ತದೆ, ಕುದಿಯದೆ ಓಡುತ್ತದೆ ಅಷ್ಟೆ. ಹಳೆಯ ಕಾರುಗಳ ಸಂಗ್ರಹಕಾರರಿಗೆ ಅದು ಒಪ್ಪಬಹುದು, ಟ್ರ್ಯಾಕಿಗೆ ನಾನು ಸೂಚಿಸುವುದಿಲ್ಲ.

ಕೂಲಂಟ್ ತೊಟ್ಟಿಯ ಮುಚ್ಚಳವನ್ನು ಯಾರೂ ನೆನೆಯುವುದಿಲ್ಲ. ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಕಾರಿನೊಳಗೆ ಅದೇ ನೀರು 120ರಲ್ಲೂ ಕುದಿಯದಿರುವುದು ಮುಚ್ಚಳದ ಸ್ಪ್ರಿಂಗ್ ಹಿಡಿದಿಡುವ ಒತ್ತಡದಿಂದ. ಸ್ಪ್ರಿಂಗ್ ಸಡಿಲಾದರೆ ಆ ರಕ್ಷಣೆ ಹೋಯಿತು. ಕೆಲವು ನೂರು ರೂಪಾಯಿಯ ಕಂಪನಿ ಮುಚ್ಚಳವನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಿ. ಕಂಪನಿ ಹೇಳಿದ್ದಕ್ಕಿಂತ ಹೆಚ್ಚಿನ ಒತ್ತಡದ್ದು ಹಾಕಿದರೆ ಹಳೆಯ ಹೋಸ್‌ಗಳು ಮುಯ್ಯಿ ತೀರಿಸಿಕೊಳ್ಳುತ್ತವೆ.

ಥರ್ಮೋಸ್ಟಾಟ್ ಎಂಬ ಹಳೆಯ ಜಗಳ

"ಥರ್ಮೋಸ್ಟಾಟ್ ತೆಗೆದುಬಿಡಿ ಸಾರ್, ಕಾರು ಐಸ್ ಆಗಿರುತ್ತದೆ" ಎಂಬ ಸಲಹೆ ಅಂಬಾಸಿಡರ್ ಕಾಲದಿಂದಲೂ ಇದೆ. ತೆಗೆದರೆ ಎಂಜಿನ್ ಬೇಕಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಆಯಿಲ್ ತಣ್ಣಗೇ ಉಳಿಯುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರನ್ನು ಬಿಟ್ಟು ಒಳದಾರಿಯಲ್ಲೇ ಸುತ್ತಿ ಇನ್ನಷ್ಟು ಬಿಸಿಯಾಗುವುದೂ ಉಂಟು.

ಕಡಿಮೆ ಬಿಸಿಗೆ ತೆರೆಯುವ ಥರ್ಮೋಸ್ಟಾಟ್ ಕೊಡುವುದು ಬರೀ ಮುಂಗಡ. 88ರ ಬದಲು 76ಕ್ಕೆ ತೆರೆದರೆ ಮೊದಲ ಒಂದೆರಡು ಲ್ಯಾಪ್ ತಣ್ಣಗಿರುತ್ತದೆ. ಎರಡೂ ಪೂರ್ತಿ ತೆರೆದ ಮೇಲೆ ವ್ಯತ್ಯಾಸವಿಲ್ಲ, ಮುಂದಿನದೆಲ್ಲ ರೇಡಿಯೇಟರಿನ ಕೆಲಸ. ಹಳೆಯ ಹೋಂಡಾ ಸಿಟಿ ವಿಟೆಕ್‌ನಂತಹ ಸರಳ ಕಾರಿಗೆ ಹತ್ತು ನಿಮಿಷದ ಸರದಿಯಲ್ಲಿ ಅದೂ ಉಪಯೋಗಕ್ಕೆ ಬರಬಹುದು. ನನ್ನ ಎಂಜಿನ್‌ನಲ್ಲಿ ನೀರಿನ ದಾರಿಯನ್ನು ಇಸಿಯು ಆಳುವ ತಿರುಗು ಕವಾಟಗಳು ನಿಯಂತ್ರಿಸುತ್ತವೆ, ಹಾಗಾಗಿ ಬದಲಾಯಿಸಿ ಕೂರಿಸುವ ಮಾತೇ ಇಲ್ಲ.

"ನೀರು ವೇಗವಾಗಿ ಹರಿದರೆ ತಣ್ಣಗಾಗಲು ಸಮಯ ಸಿಗುವುದಿಲ್ಲ" ಎಂಬ ಮಾತನ್ನೂ ಕೇಳಿರುತ್ತೀರಿ. ತಪ್ಪು. ವೇಗವಾಗಿ ಹರಿದಷ್ಟೂ ರೇಡಿಯೇಟರಿನ ಉದ್ದಕ್ಕೂ ನೀರು ಬಿಸಿಯಾಗಿರುತ್ತದೆ, ಗಾಳಿಗೆ ಕೊಡುವ ಒಟ್ಟು ಶಾಖ ಹೆಚ್ಚುತ್ತದೆ. ಇಲ್ಲಿಂದಲೇ ಒಂದು ಒಳ್ಳೆಯ ಪರೀಕ್ಷೆ ಹುಟ್ಟುತ್ತದೆ: ರೇಡಿಯೇಟರಿನ ಒಳಹರಿವು ಮತ್ತು ಹೊರಹರಿವಿನ ಹೋಸ್‌ಗಳಿಗೆ ಒಂದೊಂದು ಸೆನ್ಸರ್ ಹಾಕಿ. ಎರಡರ ಬಿಸಿ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಗಾಳಿ ಸಾಲದು. ಹೊರಬರುವ ನೀರು ಬಹಳ ತಣ್ಣಗಿದ್ದೂ ಎಂಜಿನ್ ಬಿಸಿಯಾಗಿದ್ದರೆ ನೀರಿನ ಹರಿವು ಸಾಲದು, ಪಂಪನ್ನೋ ಕಟ್ಟಿಕೊಂಡ ಕೊಳವೆಯನ್ನೋ ನೋಡಬೇಕು.

ಆಯಿಲ್ ಕೂಲರ್: ಎಲ್ಲರಿಗೂ ಬೇಡ

ಕಂಪನಿಯಿಂದ ಬರುವ ಹೆಚ್ಚಿನ ಟರ್ಬೊ ಕಾರುಗಳಲ್ಲಿ ಆಯಿಲ್ ಕೂಲರ್ ಈಗಾಗಲೇ ಇರುತ್ತದೆ. ಅಂಗೈಯಷ್ಟು ದೊಡ್ಡ, ಪದರ ಪದರದ ಪೆಟ್ಟಿಗೆ. ಆಯಿಲ್ ತನ್ನ ಬಿಸಿಯನ್ನು ಕೂಲಂಟಿಗೆ ಕೊಡುತ್ತದೆ. ಅದರ ದೊಡ್ಡ ಗುಣವೆಂದರೆ ಬೆಳಿಗ್ಗೆ ಬೇಗ ಬಿಸಿಯಾಗುವ ಕೂಲಂಟ್ ಆಯಿಲನ್ನೂ ಬಿಸಿ ಮಾಡುತ್ತದೆ. ದೋಷವೆಂದರೆ ಟ್ರ್ಯಾಕಿನಲ್ಲಿ ಆಯಿಲ್‌ನ ಹೊರೆಯೂ ರೇಡಿಯೇಟರಿಗೇ.

ಗಾಳಿಗೆ ಒಡ್ಡಿದ ಪ್ರತ್ಯೇಕ ಆಯಿಲ್ ಕೂಲರ್ ಹಾಕಿದರೆ ಎರಡು ಹಕ್ಕಿಗೆ ಒಂದೇ ಕಲ್ಲು: ಆಯಿಲ್ ತಣ್ಣಗಾಗುತ್ತದೆ, ರೇಡಿಯೇಟರಿನ ಹೆಗಲೂ ಹಗುರವಾಗುತ್ತದೆ. ಅಳತೆಯಲ್ಲಿ ಆಯಿಲ್ 130 ದಾಟುತ್ತಿದ್ದು ಕೂಲಂಟ್ ಹದದಲ್ಲಿದ್ದರೆ ರೇಡಿಯೇಟರಿಗಿಂತ ಮೊದಲು ಇದಕ್ಕೇ ಹಣ ಕೊಡಿ. ಆದರೆ ಎರಡು ಷರತ್ತು. ಒಂದು, ಸುಮಾರು 80 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಇರುವ ಅಡಾಪ್ಟರ್ ಬೇಕೇ ಬೇಕು. ಇಲ್ಲದಿದ್ದರೆ ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲಿ ಆಯಿಲ್ 70 ದಾಟದೆ, ಅದರೊಳಗಿನ ತೇವ ಆವಿಯಾಗದೆ ಉಳಿಯುತ್ತದೆ. ಎರಡು, ಹೋಸ್‌ಗಳ ವಿಷಯದಲ್ಲಿ ಜಿಪುಣತನ ಬೇಡ. ಕೂಲಂಟ್ ಸೋರಿದರೆ ನಿಮ್ಮ ದಿನ ಹಾಳು. ಆಯಿಲ್ ಸೋರಿದರೆ ಹಿಂದೆ ಬರುವವರ ಪ್ರಾಣಕ್ಕೇ ಅಪಾಯ, ಬಿಸಿ ಟರ್ಬೊ ಮೇಲೆ ಬಿದ್ದರೆ ಬೆಂಕಿ. ಒತ್ತಡ ತಡೆಯುವ ಹೆಣೆದ ಹೋಸ್, ಸರಿಯಾಗಿ ಬಿಗಿದ ಫಿಟ್ಟಿಂಗ್, ಎಲ್ಲಿಯೂ ಲೋಹಕ್ಕೆ ಉಜ್ಜದಂತೆ ಕಟ್ಟು. ಇದನ್ನು ಹಿಂದೆ ಮಾಡಿದ ಅನುಭವವಿರುವವರ ಕೈಯಲ್ಲೇ ಮಾಡಿಸಿ.

ವರ್ಷಕ್ಕೆ ಎರಡು ಸಲ ಟ್ರ್ಯಾಕಿಗೆ ಹೋಗುವವರಿಗೆ ಇದಕ್ಕಿಂತ ಅಗ್ಗದ ದಾರಿಯಿದೆ: ತಯಾರಕರು ಒಪ್ಪಿದ ಒಳ್ಳೆಯ ಸಿಂಥೆಟಿಕ್ ಆಯಿಲ್ ಹಾಕಿ, ಟ್ರ್ಯಾಕಿನಿಂದ ಬಂದ ಮೇಲೆ ಬದಲಾಯಿಸಿಬಿಡಿ.

ಇಂಟರ್‌ಕೂಲರ್: ಒಂದನ್ನು ತಣಿಸಿ ಇನ್ನೊಂದನ್ನು ಬೇಯಿಸುವುದು

ನನ್ನ ರೋಗಕ್ಕೆ ಮದ್ದು ಇಲ್ಲಿತ್ತು. ಮಾರುಕಟ್ಟೆಯಲ್ಲಿ ಎರಡು ಬಗೆ. ದಪ್ಪ ಪಟ್ಟಿಗಳನ್ನು ಪೇರಿಸಿ ಮಾಡಿದ್ದು ಭಾರ, ಗಟ್ಟಿ, ಬಿಸಿಯನ್ನು ಸ್ವಲ್ಪ ಹೊತ್ತು ಹೀರಿಕೊಂಡು ಕೂರುತ್ತದೆ. ಡ್ರ್ಯಾಗ್ ಓಟದ ಹತ್ತು ಹದಿನೈದು ಸೆಕೆಂಡಿಗೆ ಅದು ಹೇಳಿ ಮಾಡಿಸಿದ್ದು. ಆದರೆ 15–20 ನಿಮಿಷದ ಟ್ರ್ಯಾಕ್ ಸರದಿಯಲ್ಲಿ ಒಮ್ಮೆ ಹೀರಿದ ಬಿಸಿಯನ್ನು ಬಿಡಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಹಿಂದಕ್ಕೆ ಗಾಳಿಯನ್ನೂ ಬಿಡುವುದಿಲ್ಲ. ತೆಳು ಕೊಳವೆಗಳದ್ದು ಹಗುರ, ಗಾಳಿಯನ್ನು ಸಲೀಸಾಗಿ ಬಿಡುತ್ತದೆ, ಕಲ್ಲೇಟಿಗೆ ಮಾತ್ರ ನಾಜೂಕು.

ಈ ವ್ಯತ್ಯಾಸ ನನ್ನ ಕಾರಿನಲ್ಲಿ ಬಹಳ ಮುಖ್ಯ, ಏಕೆಂದರೆ ಇಂಟರ್‌ಕೂಲರ್ ಕೂರುವುದು ಏಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ. ಅಲ್ಲಿ ದಪ್ಪದ್ದನ್ನು ತುರುಕಿದರೆ ಎಂಜಿನ್ನಿನ ಉಸಿರು ತಣ್ಣಗಾಗಿ ಕೂಲಂಟ್ ಬಿಸಿಯಾಗುತ್ತದೆ. ಒಬ್ಬರ ಜೇಬಿನಿಂದ ತೆಗೆದು ಇನ್ನೊಬ್ಬರ ಸಾಲ ತೀರಿಸಿದಂತೆ. ನಾನು ತೆಳು ಕೊಳವೆಯದನ್ನೇ ಆರಿಸಿ, ದಪ್ಪ ರೇಡಿಯೇಟರ್ ತೆಗೆದು ಕಂಪನಿಯದನ್ನು ಮತ್ತೆ ಕೂರಿಸಿದೆ. ಈಗ ಒಳಗಾಳಿ 50ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಆರನೇ ಲ್ಯಾಪಿನಲ್ಲೂ ಕಾರು ಎಳೆಯುತ್ತದೆ.

ಗೆಳೆಯನ ಪೋಲೊ ಜಿಟಿ ಟಿಎಸ್‌ಐಗೆ ಈ ಸಲಹೆ ಹೊಂದುವುದಿಲ್ಲ. ಅದರ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೇ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆಯೊಳಗೇ) ಇದೆ, ನೀರಿನಿಂದ ತಂಪಾಗುತ್ತದೆ. ಆ ನೀರಿಗೆ ಬೇರೆಯೇ ಸುತ್ತು, ಬೇರೆಯೇ ಸಣ್ಣ ರೇಡಿಯೇಟರ್, ವಿದ್ಯುತ್ ಪಂಪ್. ಅಂತಹ ಕಾರಿನಲ್ಲಿ ಮೊದಲು ಆ ಪಂಪ್ ಸರಿಯಾಗಿ ತಿರುಗುತ್ತಿದೆಯೇ, ಸುತ್ತಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದೆಯೇ ನೋಡಿ.

ಗೇರ್‌ಬಾಕ್ಸಿನದು ಚಿಕ್ಕ ಮಾತು. ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಇದ್ದರೆ ಅದರ ಬಿಸಿಯನ್ನೂ ದಾಖಲಿಸಿ, ಆಯಿಲ್ ಮತ್ತು ಫಿಲ್ಟರನ್ನು ಹೇಳಿದ್ದಕ್ಕಿಂತ ಬೇಗ ಬದಲಾಯಿಸಿ. ಪೋಲೊದಲ್ಲಿರುವ ಒಣ ಕ್ಲಚ್‌ನ ಏಳು ಗೇರಿನದಕ್ಕೆ ಕೂಲರ್ ಹಾಕಿ ಪ್ರಯೋಜನವಿಲ್ಲ, ಅಲ್ಲಿ ಬಿಸಿಯಾಗುವುದು ಕ್ಲಚ್ ತಟ್ಟೆ.

ಯಾವ ಟ್ರ್ಯಾಕಿಗೆ?

ಇರುಂಗಾಟ್ಟುಕೋಟೈಯ ಉದ್ದ 3.717 ಕಿಲೋಮೀಟರ್. ವೇಗದ ತಿರುವುಗಳಿರುವುದರಿಂದ ಗಾಳಿ ಚೆನ್ನಾಗಿ ಸಿಗುತ್ತದೆ, ಎಂಜಿನ್ ಮೇಲಿನ ಹೊರೆಯೂ ಹೆಚ್ಚು. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ 5.125 ಕಿಲೋಮೀಟರ್, ಒಂದು ಕಿಲೋಮೀಟರಿಗೂ ಉದ್ದದ ನೇರ ರಸ್ತೆಯಿದೆ. ಅಲ್ಲಿ ಟರ್ಬೊ ಪೂರ್ತಿ ಬಲದಲ್ಲಿ ಬಹಳ ಹೊತ್ತು ದುಡಿಯುತ್ತದೆ, ಇಂಟರ್‌ಕೂಲರ್ ಮತ್ತು ಆಯಿಲ್ ಮೊದಲು ಸೋಲುತ್ತವೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1 ಕಿಲೋಮೀಟರ್. ವೇಗ ಕಡಿಮೆ, ಬ್ರೇಕ್–ಆಕ್ಸಿಲರೇಟರ್ ಆಟ ಹೆಚ್ಚು, ನುಗ್ಗುವ ಗಾಳಿ ಕಡಿಮೆ. ಅಲ್ಲಿ ರೇಡಿಯೇಟರಿನ ಸಂದು ಮುಚ್ಚಿದ್ದರ ಬೆಲೆ ಗೊತ್ತಾಗುತ್ತದೆ, ಬ್ರೇಕ್ ಫ್ಲೂಯಿಡ್ ಕುದಿಯುವುದೂ ಅಲ್ಲೇ. ಎಂಜಿನ್ ತಣ್ಣಗಿಡುವ ಭರದಲ್ಲಿ ಅದನ್ನು ಮರೆಯಬೇಡಿ: ಡಾಟ್ 4 ದರ್ಜೆಯ ಹೊಸ ಬ್ರೇಕ್ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ತಡೆಯಬೇಕು, ತೇವ ಹೀರಿದ ಮೇಲೆ ಆ ಖಾತ್ರಿ 155ಕ್ಕೆ ಇಳಿಯುತ್ತದೆ.

ಕೈಯಲ್ಲಿ ಐದು ಸಾವಿರ ರೂಪಾಯಿ ಇದ್ದರೆ ನಾನು ಓಬಿಡಿ ಯಂತ್ರ, ಹೊಸ ಮುಚ್ಚಳ, ಫೋಮ್ ಪಟ್ಟಿ, ಕೂಲಂಟ್ ಬದಲಾವಣೆಗೆ ಕೊಡುತ್ತೇನೆ. ಅದಕ್ಕಿಂತ ಹೆಚ್ಚಿದ್ದರೆ ಅಂಕಿಗಳು ಬೆರಳು ತೋರಿಸಿದ ಕಡೆಗೆ. ವಾರಂಟಿ ಇರುವ ಕಾರಾದರೆ ಫೋಮ್ ಪಟ್ಟಿಯಲ್ಲೇ ನಿಲ್ಲುತ್ತೇನೆ.

ಟ್ರ್ಯಾಕಿನಲ್ಲಿ ಅಂಕಿ ಏರತೊಡಗಿದರೆ ಏಸಿ ಆರಿಸಿ, ಹೀಟರನ್ನು ಪೂರ್ತಿ ತೆರೆಯಿರಿ. ಅದೂ ಒಂದು ಪುಟ್ಟ ರೇಡಿಯೇಟರೇ. ಚೆನ್ನೈ ಬಿಸಿಲಲ್ಲಿ ಹೆಲ್ಮೆಟ್ಟಿನೊಳಗೆ ಬೆವರಿಳಿಸುತ್ತ ಹೀಟರ್ ಹಾಕಿಕೊಂಡು ಕೂರುವುದು ಹೇಗಿರುತ್ತದೆ ಎಂದು ನನ್ನನ್ನು ಕೇಳಿ. ಕೊನೆಯ ಲ್ಯಾಪನ್ನು ಎತ್ತರದ ಗೇರಿನಲ್ಲಿ ನಿಧಾನವಾಗಿ ಮುಗಿಸಿ, ಪಿಟ್ಟಿನಲ್ಲಿ ಎಂಜಿನನ್ನು ಒಂದೆರಡು ನಿಮಿಷ ಓಡಲು ಬಿಟ್ಟು ಆರಿಸಿ, ಬಾನೆಟ್ ಎತ್ತಿ. ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡಿ. ಕೂಲಂಟಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಹೋಸನ್ನು ಬರಿಗೈಯಲ್ಲಿ ಹಿಡಿದು ಹಿಸುಕಲು ಆಗುವಷ್ಟು ತಣಿದ ಮೇಲೆ ತೆರೆಯಿರಿ.